ಬೆರಳಿಗೆ ಸಿಕ್ಕ ಸಂಖ್ಯಾರೇಖೆ

ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಸಾಲೆಯಲ್ಲಿ ಚಿತ್ರವಿರುವ ಗಣಿತದ ಪ್ರಶ್ನೆ ಬಂದಾಗಲೆಲ್ಲ ಅದು ನನ್ನನ್ನು ದಾಟಿ ಪಕ್ಕದವರಿಗೆ ಹೋಗುತ್ತಿತ್ತು. ಇಳಕಲ್ಲಿನಿಂದ ಬಸ್ಸಿನಲ್ಲಿ ಹುನಗುಂದಕ್ಕೆ ಹೋಗಿ ಪಿಯುಸಿ ಓದತೊಡಗಿದಾಗಲೂ ಅದೇ ಆಯಿತು. ಹೆಚ್ಚು-ಕಡಿಮೆ ಹೋಲಿಸುವ ಅಸಮಾನತೆಗಳ ಪಾಠ ಶುರುವಾದ ದಿನ ಗಣಿತದ ಸರ್ ನನ್ನ ಬೆಂಚಿನ ಹತ್ತಿರ ಬಂದು, ಸಂಖ್ಯಾರೇಖೆ ಎಳೆಯುವ ಲೆಕ್ಕ ಬಿಟ್ಟುಬಿಡು, ಬದಲಿಗೆ ಬೇರೆ ಕೊಡುತ್ತೇನೆ ಎಂದರು. ಕನಿಕರದಿಂದಲೇ ಹೇಳಿದರು. ನನಗೆ ಮಾತ್ರ ಸಿಟ್ಟು ಬಂತು.

“ನಾ ಬಿಡೂದಿಲ್ರಿ ಸರ್. ಅದು ಹ್ಯಾಂಗ ಇರ್ತೈತಿ ಅಂತ ಹೇಳ್ರಿ, ಮಾಡ್ಕೊಂಡು ಬರ್ತೇನಿ.”

ಅವರು ಬೆಂಚಿನ ತುದಿಗೆ ಕುಳಿತು ಹೇಳಿದರು. ಒಂದು ನೇರ ಗೆರೆ, ನಡುವೆ ಸೊನ್ನೆ, ಬಲಕ್ಕೆ ಹೋದಂತೆ ದೊಡ್ಡ ಸಂಖ್ಯೆ, ಎಡಕ್ಕೆ ಹೋದಂತೆ ಸಣ್ಣದು. ‘ಐದಕ್ಕಿಂತ ಹೆಚ್ಚು’ ಎಂದರೆ ಐದು ಸೇರುವುದಿಲ್ಲ, ಅಲ್ಲಿ ಖಾಲಿ ವೃತ್ತ. ‘ಐದು ಅಥವಾ ಹೆಚ್ಚು’ ಎಂದರೆ ತುಂಬಿದ ವೃತ್ತ. ಅಲ್ಲಿಂದ ಉತ್ತರ ಇರುವ ಕಡೆಗೆ ಬಾಣ.

ಮಗ್ಗದ ಮೇಲೆ ಸೀರೆ ನೇಯುವ ಅವ್ವನಿಗೆ ಮನೆಯಲ್ಲಿ ಇದನ್ನೆಲ್ಲ ಹೇಳಿದೆ. ಬೀಜಗಣಿತ ಏನೆಂದು ಅವಳು ಕೇಳಲಿಲ್ಲ. ಒಂದು ಅಂಕಿಗೂ ಇನ್ನೊಂದಕ್ಕೂ ಎಷ್ಟು ಅಂತರ ಬೇಕು ಎಂದಷ್ಟೇ ಕೇಳಿ, ದಪ್ಪ ರಟ್ಟಿನ ಮೇಲೆ ದಾರ ಬಿಗಿದು, ಬೆರಳಿನಗಲಕ್ಕೊಂದು ಗಂಟು ಹಾಕಿದಳು. ಸೊನ್ನೆಗೆ ದೊಡ್ಡ ಗಂಟು. ಖಾಲಿ ವೃತ್ತಕ್ಕೆ ಪರದೆಯ ಉಂಗುರ, ತುಂಬಿದ್ದಕ್ಕೆ ಅಂಗಿಯ ಗುಂಡಿ.

ಮರುದಿನ ಸರ್ ಕೊಟ್ಟ ಲೆಕ್ಕ: ಮೈನಸ್ ಎರಡು ಎಕ್ಸ್, ನಾಲ್ಕಕ್ಕಿಂತ ಕಡಿಮೆ. ನಾನು ನಾಲ್ಕನ್ನು ಮೈನಸ್ ಎರಡರಿಂದ ಭಾಗಿಸಿ, ಮೈನಸ್ ಎರಡರ ಗಂಟಿಗೆ ಉಂಗುರ ಇಟ್ಟು, ‘ಕಡಿಮೆ’ ಎಂದಿದ್ದರಿಂದ ಬೆರಳನ್ನು ಎಡಕ್ಕೆ ಎಳೆದೆ.

“ಸೊನ್ನಿ ಹಾಕಿ ನೋಡು,” ಎಂದರು ಸರ್.

ಎಕ್ಸ್ ಇದ್ದಲ್ಲಿ ಹಾಕಿದೆ. ಗುಣಿಸಿದರೂ ಸೊನ್ನೆಯೇ. ಸೊನ್ನೆ ನಾಲ್ಕಕ್ಕಿಂತ ಕಡಿಮೆ, ಖರೆ. ಆದರೆ ನನ್ನ ಬೆರಳು ಸೊನ್ನೆಯನ್ನು ಹೊರಗೇ ಬಿಟ್ಟಿತ್ತು. ಮೈನಸ್ಸಿನಿಂದ ಭಾಗಿಸಿದರೆ ಚಿಹ್ನೆ ತಿರುಗುತ್ತದೆ ಎಂದು ಅವರು ಹೇಳಿಕೊಟ್ಟರು. ಯಾಕೆ ತಿರುಗಬೇಕು ಎಂಬುದು ನನಗೆ ತಿಳಿಯಲಿಲ್ಲ, ತಿಳಿಯದೆ ಬಾಯಿಪಾಠ ಮಾಡಲು ಮನಸ್ಸು ಒಪ್ಪಲಿಲ್ಲ.

ಆ ವಾರವಿಡೀ ಬಸ್ಸಿನಲ್ಲಿ ರಟ್ಟು ತೊಡೆಯ ಮೇಲಿರುತ್ತಿತ್ತು. ಒಂದು ಬೆಳಿಗ್ಗೆ ಎರಡರ ಮೇಲೂ ಮೂರರ ಮೇಲೂ ಬೆರಳಿಟ್ಟೆ. ಮೂರು ಬಲಕ್ಕಿತ್ತು, ದೊಡ್ಡದು. ಅವೇ ಅಂಕಿಗಳ ಮೈನಸ್ಸುಗಳನ್ನು ಹುಡುಕಿ ಸೊನ್ನೆಯ ಆಚೆ ಹೋದೆ. ಅಲ್ಲಿ ಮೈನಸ್ ಮೂರು ಎಡಕ್ಕಿತ್ತು, ಮೈನಸ್ ಎರಡೇ ದೊಡ್ಡದಾಗಿತ್ತು. ಸೊನ್ನೆ ದಾಟಿದರೆ ದೊಡ್ಡದು-ಸಣ್ಣದರ ಕ್ರಮವೇ ತಿರುಗಿಬಿಡುತ್ತದೆ, ಅದಕ್ಕೇ ಚಿಹ್ನೆಯೂ ತಿರುಗುತ್ತದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಯಾಕವ್ವ ನಗುತ್ತೀ ಎಂದು ಕೇಳಿದರು.

ವಾರ್ಷಿಕ ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಬರೆಯಲು ಒಬ್ಬಾಕೆ ಇದ್ದಳು. ಸಂಖ್ಯಾರೇಖೆಯ ಪ್ರಶ್ನೆ ಓದಿ, ಇದನ್ನು ಬಿಡೋಣವೇನು ಎಂದಳು.

“ಬಿಡಬ್ಯಾಡ,” ಎಂದೆ. “ಗೆರಿ ಎಳಿ, ನಾ ಹೇಳ್ತೇನಿ.”

ಆ ಪ್ರಶ್ನೆಗೆ ಪೂರ್ತಿ ಅಂಕ ಬಂತು.