ಮ್ಯಾನೇಜರಿಗೊಂದು ವ್ಯಾನು

ಕಳೆದ ತಿಂಗಳು ಮುತ್ತಿನಕೊಪ್ಪದಲ್ಲಿ, ನಡುಮಧ್ಯಾಹ್ನ, ನಾಲ್ಕು ಜನರೆದುರು ನಾನು ಒಂದು ಮುದಿ ನಾಯಿಯನ್ನು ಬಲವಂತವಾಗಿ ಎತ್ತಿ ವ್ಯಾನಿನೊಳಗೆ ನಿಲ್ಲಿಸಿದೆ. ಅದಾದ ಮೇಲೆ ಆ ನಾಯಿಯ ಯಜಮಾನಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ನಾಯಿಯೂ ಮಾತಾಡಲಿಲ್ಲ. (ಮೊದಲೂ ಮಾತಾಡುತ್ತಿರಲಿಲ್ಲ ಅನ್ನಿ. ಆದರೆ ನನ್ನನ್ನು ಕಂಡರೆ ಬಾಲವನ್ನಾದರೂ ಆಡಿಸುತ್ತಿತ್ತು.)

ತಪ್ಪು ಪೂರ್ತಿ ನನ್ನದೇ. ಆದ್ದರಿಂದ ಮೊದಲಿಂದಲೇ ಹೇಳಿಬಿಡುತ್ತೇನೆ.

ಕೊಪ್ಪದ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಮೇಲೆ ಹೋದರೆ ಸರೋಜಕ್ಕನ ಟೈಲರ್ ಅಂಗಡಿ. ನಮ್ಮ ಹೈಸ್ಕೂಲಿನ ಅರ್ಧ ಯೂನಿಫಾರ್ಮು ಅಲ್ಲೇ ಹೊಲಿದದ್ದು. ಸರೋಜಕ್ಕನಿಗೆ ಅರವತ್ತಕ್ಕೆ ಎರಡು ಕಮ್ಮಿ. ಒಬ್ಬರೇ ಇರುವುದು. ಒಬ್ಬರೇ ಅಂದರೆ ಅವರಿಗೆ ಸಿಟ್ಟು ಬರುತ್ತದೆ, ಯಾಕೆಂದರೆ ಜೊತೆಗೆ ಚಿನ್ನಿ ಎಂಬ ಬೆಕ್ಕು ಮತ್ತು ಮ್ಯಾನೇಜರ್ ಎಂಬ ನಾಯಿ ಇವೆ. ಅಂಗಡಿ ಬಾಗಿಲಲ್ಲಿ ಕೂತು, ಬಂದವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಆಮೇಲೆ ಒಳಗೆ ಬಿಡುವುದರಿಂದ ಅವನಿಗೆ ಆ ಹೆಸರು. ಈಗ ಹನ್ನೊಂದು ವರ್ಷ. ಹಿಂಗಾಲಿನಲ್ಲಿ ಶಕ್ತಿ ಇಲ್ಲ.

ಸರೋಜಕ್ಕನ ಅಕ್ಕ ಇರುವುದು ಕುಂದಾಪುರದ ಹತ್ತಿರ. ಅವರಿಗೆ ಬೆನ್ನುನೋವು, ಘಾಟಿ ಹತ್ತಿ ಬರಲಾರರು. ಇವರಾದರೂ ಹೋಗಬಹುದಲ್ಲ? ಐದು ವರ್ಷದಿಂದ ಹೋಗಿಲ್ಲ. ಬಸ್ಸಿನಲ್ಲಿ ನಾಯಿ ಹತ್ತಿಸಿದರೆ ಕಂಡಕ್ಟರ್ ಇಳಿಸುತ್ತಾನೆ. ಬಾಡಿಗೆ ಕಾರಿನವರು ಸೀಟು ಹಾಳಾಗುತ್ತದೆ ಅನ್ನುತ್ತಾರೆ. ಬಿಟ್ಟು ಹೋಗೋಣವೆಂದರೆ, ಐದು ವರ್ಷದ ಹಿಂದೆ ಅಕ್ಕನ ಮಗಳ ಮದುವೆಗೆ ಹಾಗೆ ಬಿಟ್ಟು ಹೋಗಿದ್ದರು. ಮ್ಯಾನೇಜರ್ ಮೂರು ದಿನ ಅಂಗಡಿಯ ಶಟರ್ ಮುಂದೆ ಮಲಗಿದವನು ಏಳಲಿಲ್ಲ, ಒಂದು ತುತ್ತು ತಿನ್ನಲಿಲ್ಲ.

ಈ ವರ್ಷ ಅಕ್ಕ ಫೋನಿನಲ್ಲಿ ಕೇಳಿಯೇಬಿಟ್ಟರಂತೆ. "ನಿಂಗೆ ಅಕ್ಕ ಬೇಕೋ ನಾಯಿ ಬೇಕೋ ಹೇಳ್ಬಿಡು ಮಾರಾಯ್ತಿ."

ಸರೋಜಕ್ಕ ಹೇಳಿದ್ದು ಎರಡೇ ಶಬ್ದ. "ಇಬ್ರೂ ಬೇಕು."

ಹೇಳಿ ಫೋನ್ ಇಟ್ಟವರು ಸೀದಾ ಹೋಗಿ ಡ್ರೈವಿಂಗ್ ಸ್ಕೂಲ್ ಸೇರಿದರು! ನಾವೆಲ್ಲ ಮೊದಲು ಗಾಡಿ ತಂದು ಮನೆಮುಂದೆ ನಿಲ್ಲಿಸಿ, ಪೂಜೆ ಮಾಡಿಸಿ, ಆಮೇಲೆ ಗೇಟಿನ ಕಂಬಕ್ಕೆ ಗುದ್ದಿಕೊಂಡು ಕಲಿಯುತ್ತೇವೆ. ಇವರು ಲೈಸೆನ್ಸ್ ಕೈಗೆ ಬಂದ ಮೇಲೆ ನನ್ನ ಹತ್ತಿರ ಬಂದರು. "ಮೇಷ್ಟ್ರೇ, ಒಂದು ಹಳೇ ವ್ಯಾನು ನೋಡ್ಬೇಕಲ್ಲ. ನಾನು, ಮ್ಯಾನೇಜರು, ಚಿನ್ನಿ. ದಾರೀಲಿ ಸುಸ್ತಾದ್ರೆ ಮಲಗೋ ಹಂಗಿರ್ಬೇಕು. ಬೆಲೆ ನಂಗೆ ಎಟುಕ್ಬೇಕು."

ನನ್ನ ಹತ್ತಿರವೇ ಯಾಕೆ? ಯಾಕೆಂದರೆ ಗಾಡಿಗಳ ಬಗ್ಗೆ ನನಗೆ ಎಲ್ಲ ಗೊತ್ತಿದೆ ಎಂದು ಊರಿನಲ್ಲಿ ಒಂದು ಹೆಸರಿದೆ. ಆ ಹೆಸರು ಹಬ್ಬಿಸಿದವನೂ ನಾನೇ. ರಜೆಯಲ್ಲಿ ಯೂಟ್ಯೂಬಿನಲ್ಲಿ 'ವ್ಯಾನ್ ಲೈಫ್' ವಿಡಿಯೋ ನೋಡಿ ನೋಡಿ ನಾನು ಮುಕ್ಕಾಲು ಇಂಜಿನಿಯರ್ ಆಗಿದ್ದೇನೆ.

ಮೊದಲು ಹೋದದ್ದು ಶೃಂಗೇರಿ ಹತ್ತಿರದ ಮೆಣಸೆಗೆ. ಅಲ್ಲಿ ಹೋಮ್‌ಸ್ಟೇ ನಡೆಸುವವರೊಬ್ಬರು ತಮ್ಮ ಕ್ಯಾಂಪರ್ ಮಾರುತ್ತಾರೆಂದು ಸುದ್ದಿ ಸಿಕ್ಕಿತ್ತು. ಏನು ಗಾಡಿ ಅಂತೀರಿ! ಮಡಚುವ ಮಂಚ, ಗ್ಯಾಸ್ ಒಲೆ, ಪುಟ್ಟ ಸಿಂಕು, ಸುತ್ತಲೂ ಬಣ್ಣದ ಲೈಟು. ನಾನು ಒಳಗೆ ಹೋದವನು ಹೊರಗೆ ಬರಲು ಮನಸ್ಸಿಲ್ಲದೆ ಮಂಚದ ಮೇಲೆ ಕೂತುಬಿಟ್ಟೆ.

ಸರೋಜಕ್ಕ ಕುತ್ತಿಗೆಯಲ್ಲಿದ್ದ ಟೇಪು ತೆಗೆದರು. ಬ್ಯಾಗಿನಿಂದ ಅಳತೆ ಪುಸ್ತಕ ತೆಗೆದರು. ಬ್ಲೌಸು, ಚೂಡಿದಾರಗಳ ಅಳತೆಯ ನಡುವೆ ಒಂದು ಇಡೀ ಪುಟ ಮ್ಯಾನೇಜರಿನದು. ನಿಂತಾಗ ಎತ್ತರ, ಮಲಗಿದಾಗ ಉದ್ದ, ಕಾಲು ಚಾಚಿ ಮಲಗಿದಾಗ ಅಗಲ, ಮುಂಗಾಲು ಸಲೀಸಾಗಿ ಎಷ್ಟು ಮೇಲೆ ಏರುತ್ತದೆ ಎನ್ನುವುದು. ಕೆಳಗೆ ಸಣ್ಣಕ್ಷರದಲ್ಲಿ ಚಿನ್ನಿಯ ಬುಟ್ಟಿಯ ಸೈಜು. ಯಾವ ವಿಡಿಯೋದಲ್ಲೂ ನಾನು ಇದನ್ನು ನೋಡಿರಲಿಲ್ಲ.

ನೆಲದಿಂದ ಗಾಡಿಯ ಬಾಗಿಲಿಗೆ ಟೇಪು ಹಿಡಿದರೆ ಸರೋಜಕ್ಕನ ಸೊಂಟದ ಹತ್ತಿರ ಬಂತು. ಮ್ಯಾನೇಜರ್ ಮೆಟ್ಟಿಲ ಮೇಲೆ ಒಂದು ಮುಂಗಾಲು ಇಟ್ಟು, ತಿರುಗಿ ಅವರ ಮುಖ ನೋಡಿದ.

"ಒಳಗೆ ಎಲ್ಲಾ ಉಂಟು ಮೇಷ್ಟ್ರೇ, ಇವ್ನು ಕಾಲು ಚಾಚೋಕೆ ಜಾಗ ಒಂದು ಇಲ್ಲ" ಅಂದರು. ಬೆಲೆ ಕೇಳಿದ ಮೇಲಂತೂ ನಾವಿಬ್ಬರು ಮರ್ಯಾದೆಯಿಂದ ಕಾಫಿ ಕುಡಿದು, ಮೂವರೂ ಎದ್ದು ಬಂದೆವು.

ಎರಡನೆಯದು ಮುತ್ತಿನಕೊಪ್ಪದ್ದು. ನಾನೇ ಹುಡುಕಿದ್ದು. ಬಿಳಿ ವ್ಯಾನು, ಹೊಸ ಪೇಂಟು, ಇಂಜಿನ್ ಸದ್ದು ಹದವಾಗಿತ್ತು, ಬಾಗಿಲು ತಗ್ಗಿನಲ್ಲಿತ್ತು. ಬೆಲೆ ಎಷ್ಟು ಕಮ್ಮಿಯೆಂದರೆ ನನಗೇ ಒಂದು ತೆಗೆದುಕೊಳ್ಳೋಣ ಅನಿಸಿತು. ಮಾರುವವರು ಏನೂ ಮುಚ್ಚಿಡಲಿಲ್ಲ. "ನಾಕು ವರ್ಷ ಔಷಧಿ ಹೊಡೆಯೋರು ಇಟ್ಕೊಂಡಿದ್ರು. ತೋಟದ ಕೆಲ್ಸದ ಗಾಡಿ" ಎಂದು ಮೊದಲೇ ಹೇಳಿದರು.

ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ಔಷಧಿ ನಮ್ಮ ಕಡೆಯವರಿಗೆ ಹೊಸದಲ್ಲ. ಅದಕ್ಕೆ ಬೆರೆಸುವ ಮೈಲುತುತ್ತದ ಆ ನೀಲಿ ನಮ್ಮ ಡ್ರಮ್ಮಿನಲ್ಲಿ, ಅಂಗಳದಲ್ಲಿ, ಅಂಗಿಯಲ್ಲಿ, ಉಗುರಿನಲ್ಲಿ. ಎಷ್ಟು ಕಂಡಿದ್ದೇವೆಂದರೆ ಈಗ ಕಾಣಿಸುವುದೇ ಇಲ್ಲ. ವ್ಯಾನಿನ ನೆಲದ ಮ್ಯಾಟಿನ ಅಂಚಿನಲ್ಲಿ ನೀಲಿ ಕಂಡಾಗ ನನಗೆ ಅನುಮಾನ ಬರುವುದು ಹಾಗಿರಲಿ, ಸಮಾಧಾನವೇ ಆಯಿತು. "ತೋಟದವರ ಗಾಡಿ ಸರೋಜಕ್ಕ, ಕಣ್ಣು ಮುಚ್ಚಿ ತಗೊಳ್ಳಿ" ಅಂದೆ.

ಮ್ಯಾನೇಜರ್ ಮಾತ್ರ ಕಣ್ಣು ಮುಚ್ಚಲು ತಯಾರಿರಲಿಲ್ಲ. ಬಾಗಿಲವರೆಗೆ ಬಂದ, ಮೂಸಿದ, ಹಿಂದೆ ಸರಿದ. ಕರೆದರೂ ಬರಲಿಲ್ಲ. ಬಿಸ್ಕತ್ತು ತೋರಿಸಿದರೂ ಬರಲಿಲ್ಲ. ಹೆಂಗಸೊಬ್ಬರು ನಾಯಿಯ ಒಪ್ಪಿಗೆಗೆ ಕಾಯುತ್ತಿರುವುದನ್ನು ನೋಡಿ ಸುತ್ತ ನಿಂತವರು ನಗತೊಡಗಿದರು. ನನಗೆ ಅವಮಾನವಾಯಿತು. ಸರೋಜಕ್ಕ ಟೇಪಿಗಾಗಿ ಬ್ಯಾಗಿಗೆ ಕೈ ಹಾಕಿದ್ದರಷ್ಟೇ, ನಾನು ಅವನನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ನಿಲ್ಲಿಸಿಬಿಟ್ಟೆ.

ಅವನು ಜಾರಿದ. ಮ್ಯಾಟು ಸರಿಯಿತು. ಅಡಿಯ ತಗಡಿನ ಸಂದಿನಲ್ಲೆಲ್ಲ ಒಣಗಿ ಕೂತಿದ್ದ ನೀಲಿ ಪುಡಿ. ಮ್ಯಾನೇಜರ್ ಅದರ ಮೇಲೆಯೇ ಕೂತು ತನ್ನ ಪಾದ ನೆಕ್ಕಲು ಶುರುಮಾಡಿದ.

ಸರೋಜಕ್ಕ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ನೆಕ್ಬೇಡ! ಬಿಡು!" ಎನ್ನುತ್ತ ಅವನನ್ನು ಅವುಚಿಕೊಂಡು ಎದುರಿನ ನಲ್ಲಿಗೆ ಓಡಿದರು. ನಾಲ್ಕೂ ಪಾದ, ಬಾಯಿ, ಬಾಲ ಎಲ್ಲ ತೊಳೆದರು. ಕೊಪ್ಪದ ಪಶುವೈದ್ಯರಿಗೆ ಫೋನ್ ಹಚ್ಚಿದರೆ ಅವರು, "ಅದು ಹೊಟ್ಟೆಗೆ ಹೋದ್ರೆ ಕಷ್ಟ. ಇನ್ನೂ ತೊಳೀರಿ, ಕೂಡ್ಲೇ ಕರ್ಕೊಂಡು ಬನ್ನಿ" ಅಂದರು. ದಾರಿಯುದ್ದಕ್ಕೂ ಸರೋಜಕ್ಕ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಅವನ ಮೂತಿ ಹಿಡಿದು ಕೂತಿದ್ದರು. ಒಂದೇ ಒಂದು ಮಾತು ಆಡಿದರು.

"ಮೂವತ್ತು ವರ್ಷದಿಂದ ಆ ನೀಲಿ ಮೆತ್ತಿದ ಅಂಗಿಗೆ ತೇಪೆ ಹಾಕ್ತಿದೀನಿ ಮೇಷ್ಟ್ರೇ. ಎಷ್ಟು ಒಗೆದ್ರೂ ಅದು ಹೋಗಲ್ಲ. ನಂಗೆ ನೋಡೋಕೆ ಒಂದು ನಿಮಿಷ ಕೊಡ್ಬೇಕಿತ್ತು ನೀವು."

ಮ್ಯಾನೇಜರ್ ಸಂಜೆ ಎರಡು ಸಲ ವಾಂತಿ ಮಾಡಿದ. ಮಾರನೇ ದಿನ ಟೈಲರ್ ಅಂಗಡಿಯ ಶಟರ್ ಏಳಲಿಲ್ಲ. ನಾನು ಶಾಲೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದರ ಮುಂದೆ ನಿಂತು ನೋಡಿದೆ. ಒಂದು ಜೀವ ಬೇಡ ಬೇಡವೆಂದು ಹಿಂದೆ ಸರಿಯುತ್ತಿದ್ದರೂ ನನಗೆ ನಾಲ್ಕು ಜನರ ನಗುವೇ ದೊಡ್ಡದಾಯಿತಲ್ಲ?

ಮೂರನೇ ದಿನ ಶಟರ್ ಎದ್ದಿತ್ತು. ಬಾಗಿಲಲ್ಲಿ ಮ್ಯಾನೇಜರ್ ಡ್ಯೂಟಿಗೆ ಹಾಜರು. ಸರೋಜಕ್ಕ ಹೊಲಿಗೆಯಿಂದ ತಲೆ ಎತ್ತದೆ ಕೇಳಿದರು. "ಭಾನುವಾರ ಬಿಡುವುಂಟಾ?"

"ಇದೆ. ಆದರೆ ಸರೋಜಕ್ಕ, ನಾನು ಮಾಡಿದ್ದು..."

"ಅದ್ಕೇ ನಿಮ್ಮನ್ನ ಕರೀತಿರೋದು. ಇನ್ನು ನೀವು ಅವನನ್ನ ಎತ್ತಲ್ಲ, ನಂಗೊತ್ತು. ಬೇರೆಯೋರು ಬಂದ್ರೆ ಎತ್ಬಹುದು."

ಇದಕ್ಕಿಂತ ಚೆಂದದ ಕ್ಷಮೆ ನನಗೆ ಈವರೆಗೆ ಸಿಕ್ಕಿಲ್ಲ.

ಭಾನುವಾರ ಹೋದದ್ದು ಹಿರೇಕೊಡಿಗೆಗೆ. ಮನೆಮನೆಗೆ ಬ್ರೆಡ್ಡು ಬನ್ನು ಹಾಕುತ್ತಿದ್ದ ಒಬ್ಬರ ವ್ಯಾನು. ಬಣ್ಣ ಮಾಸಿತ್ತು, ಬಲಗಡೆ ಗುದ್ದಿಸಿಕೊಂಡ ಒಂದು ತಗ್ಗು, ಹಾರ್ನು ನೆಗಡಿಯಾದವರ ಹಾಗೆ ಕೂಗುತ್ತಿತ್ತು. ನೆಲಕ್ಕೆ ಹತ್ತಿರವಿದ್ದ ಬಾಗಿಲು ತೆಗೆದದ್ದೇ ತಡ, ಮ್ಯಾನೇಜರ್ ತಾನೇ ಹತ್ತಿ ಒಳಗೆ ಕೂತ! "ನೋಡಿ ಸರೋಜಕ್ಕ, ಅವನೇ ಆರಿಸಿಬಿಟ್ಟ" ಎಂದು ಕಣ್ಣೊರೆಸಿಕೊಂಡೆ.

"ಎಂತ ಆರಿಸಿದ್ದು? ಬನ್ನಿನ ವಾಸನೆಗೆ ಹತ್ತಿದಾನೆ" ಎಂದರು ಸರೋಜಕ್ಕ. ನನ್ನ ಕಣ್ಣೀರು ದಂಡವಾಯಿತು.

ಆಮೇಲೆ ಶುರುವಾಯಿತು ನೋಡಿ ನಿಜವಾದ ಪರೀಕ್ಷೆ. ಮ್ಯಾಟು ಪೂರ್ತಿ ಎತ್ತಿಸಿದರು, ಒದ್ದೆ ಬಿಳಿಬಟ್ಟೆಯಿಂದ ನೆಲ ಒರೆಸಿ ಬಟ್ಟೆಯ ಬಣ್ಣ ನೋಡಿದರು. ಮಾರ್ಕಿಂಗ್ ಚಾಕಿನಲ್ಲಿ ನೆಲದ ಮೇಲೆ ಗೆರೆ ಎಳೆದರು. ಇದು ನನಗೆ, ಇದು ಮ್ಯಾನೇಜರಿಗೆ, ಈ ಮೂಲೆ ಚಿನ್ನಿಯ ಬುಟ್ಟಿಗೆ. ತಮ್ಮ ಗೆರೆಯೊಳಗೆ ತಾವೇ ಮಲಗಿ ನೋಡಿದರು. ಮಾಲೀಕರ ಹೆಂಡತಿ ಬಾಯಿಗೆ ಸೆರಗು ಮುಚ್ಚಿಕೊಂಡರೂ ಸರೋಜಕ್ಕ ಕ್ಯಾರೇ ಅನ್ನಲಿಲ್ಲ.

ಅಷ್ಟಕ್ಕೂ ಮುಗಿಯಲಿಲ್ಲ. "ಒಂದು ಸಲ ನರಸಿಂಹರಾಜಪುರಕ್ಕೆ ಹೋಗಿ ಬರ್ತೀನಿ, ಆಮೇಲೆ ಹೇಳ್ತೀನಿ" ಅಂದರು. ಇವರೇ ಡ್ರೈವಿಂಗ್. ಅರ್ಧ ದಾರಿಯಲ್ಲಿ ನಿಲ್ಲಿಸಿ, ಇಳಿದು, ಮ್ಯಾನೇಜರ್ ಕೂತ ನೆಲಕ್ಕೆ ಅಂಗೈ ಇಟ್ಟು ನೋಡಿದರು. ಈ ಥರದ ಗಾಡಿಗಳಲ್ಲಿ ಇಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಅಲ್ಲಿ ನೆಲ ಕಾಯುತ್ತದೆ. ನಮಗೆ ಚಪ್ಪಲಿ ಇದೆ, ಗೊತ್ತಾಗುವುದಿಲ್ಲ. ಅವನಿಗೆ? ಚಾಕಿನ ಗೆರೆ ಅಳಿಸಿ, ಅವನ ಜಾಗ ಒಂದು ಗೇಣು ಹಿಂದಕ್ಕೆ ಹೋಯಿತು.

ವಾಪಸ್ ಬಂದು, "ಆಯ್ತು, ಕೊಡಿ" ಅಂದರು. ಅಷ್ಟೇ.

ಮುಂದಿನ ವಾರವೆಲ್ಲ ಹೊಲಿಗೆ. ಯೂನಿಫಾರ್ಮಿನ ಉಳಿದ ತುಂಡುಗಳಿಂದ ಪರದೆ, ಬಿಚ್ಚಿ ಒಗೆಯಬಹುದಾದ ಹಾಸಿಗೆ, ಕಿಟಕಿಗೆ ಸೊಳ್ಳೆಪರದೆ, ಹಳೇ ಪ್ಯಾಂಟು ಬಟ್ಟೆಯಿಂದ ಮ್ಯಾನೇಜರಿಗೆ ಜಾರದ ಮ್ಯಾಟು. ಗಾಡಿಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಎಲ್ಲವೂ ಗುಂಡಿ, ಲಾಡಿ, ಹುಕ್ಕು. ಲಕ್ಷಗಟ್ಟಲೆ ಸುರಿದು ಗಾಡಿಯೊಳಗೆ ಅಡುಗೆಮನೆ ಕಟ್ಟಿಸುವವರನ್ನು ವಿಡಿಯೋದಲ್ಲಿ ನೋಡಿ ಬಾಯಿ ಬಿಟ್ಟವನು ನಾನು. ಈಗ ಹೇಳುತ್ತೇನೆ, ಇಷ್ಟು ಅಚ್ಚುಕಟ್ಟಾದ ಗಾಡಿ ನಾನು ಕಂಡಿಲ್ಲ. ಅದರೊಳಗೆ ಒಂದು ಇಂಚೂ ನೋಡುವವರಿಗಾಗಿ ಇಲ್ಲ.

ನಮ್ಮ ಗಾಡಿಗಳು ಹಾಗಿವೆಯೇ? ಎದುರುಮನೆಯವರು ಏನೆಂದಾರು, ನೆಂಟರು ಏನೆಂದಾರು, ಮದುವೆ ಛತ್ರದ ಮುಂದೆ ನಿಲ್ಲಿಸಿದರೆ ಹೇಗೆ ಕಂಡೀತು. ಇದೆಲ್ಲ ಲೆಕ್ಕ ಹಾಕಿಯೇ ನಾವು ಬುಕ್ ಮಾಡುವುದು. ಒಳಗೆ ಕೂರುವವರ ಸರದಿ ಕೊನೆಗೆ, ಅದೂ ಬಂದರೆ.

ಹತ್ತು ದಿನದ ಹಿಂದೆ ಸರೋಜಕ್ಕ ಆಗುಂಬೆ ಘಾಟಿ ಇಳಿದರು. ಪ್ರತಿ ತಿರುವಿಗೂ ಆ ನೆಗಡಿ ಹಾರ್ನು ಹೊಡೆಯುತ್ತ, ಎರಡು ಕಡೆ ನಿಲ್ಲಿಸಿ ನೀರು ಕುಡಿಸುತ್ತ. ಅಕ್ಕ ಗೇಟಿನ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರಂತೆ. ಬಾಗಿಲು ತೆಗೆದಾಗ ಮೊದಲು ಇಳಿದವನು ಮ್ಯಾನೇಜರ್. ತಾನೇ ಇಳಿದ. ಸೀದಾ ಹೋಗಿ ಅಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಅವರ ಕಾಲ ಬುಡದಲ್ಲಿ ಮಲಗಿದನಂತೆ.

"ಅಕ್ಕ ಎಂತ ಅಂದ್ರು?" ಎಂದು ಫೋನಿನಲ್ಲಿ ಕೇಳಿದೆ.

"ಎಂತ ಹೇಳ್ತಾಳೆ? ಅಳ್ತಾ ಕೂತಿದಾಳೆ. ಇವ್ನಿಗೆ ಮೀನು ಹಾಕ್ತಾ ಅಳ್ತಿದಾಳೆ" ಅಂದರು.

ಎಂಟು ದಿನ ಇದ್ದು ಮೊನ್ನೆ ವಾಪಸ್ ಬಂದರು. ಬಂದವರೇ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿ ಒಂದು ರೌಂಡಿಗೆ ಕರೆದರು. ನನ್ನ ಹೆಂಡತಿಗೆ ಮಂಡಿನೋವು. ನಾನು ಅಭ್ಯಾಸದಂತೆ ಕೈ ಕೊಡಲು ಮುಂದೆ ಹೋದೆ. ಅಷ್ಟರಲ್ಲಿ ಅವಳು ಹತ್ತಿ ಮ್ಯಾನೇಜರ್ ಪಕ್ಕ ಕೂತಾಗಿತ್ತು. "ಅಯ್ಯೋ, ಇದಕ್ಕೆ ಹತ್ತೋಕೆ ಯಾರೂ ಬೇಡ ಮಾರಾಯ್ರೇ!" ಎಂದು ಚಿಕ್ಕ ಹುಡುಗಿಯ ಹಾಗೆ ನಕ್ಕಳು.

ನಮ್ಮ ಎತ್ತರದ ಕಾರಿಗೆ ಹತ್ತುವಾಗ ಆರು ವರ್ಷದಿಂದ ಅವಳಿಗೆ ಕೈ ಕೊಡುತ್ತ ಬಂದದ್ದನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಆ ಎತ್ತರ ಆರಿಸಿದವನು ಯಾರು?