ಮಗಳ ಮಾತು ಹೇಳಲು ಫೋರ್ಟಿಗೆ

ಉಡಿ ತುಂಬುವ ಹಿಂದಿನ ದಿನ ನಾನೂ ಮಗಳು ನೀಲಾಳೂ ಹಳ್ಳದಲ್ಲಿ ಕೌದಿ ತೊಳೆದೆವು. ನೆನೆದ ಕೌದಿ ಹಿಂಡಲು ಇಬ್ಬರು ಬೇಕು. ಒಂದು ತುದಿ ಅವಳು ಹಿಡಿದಳು, ಒಂದು ತುದಿ ನಾನು. "ಅವ್ವಾ, ನೀ ಕೌದಿ ಹಿಂಡ್ತೀಯೋ, ಕೌದಿ ನಿನ್ನ ಹಿಂಡ್ತೈತೋ?" ಎಂದು ನಕ್ಕು ತನ್ನ ತುದಿ ಬಿಟ್ಟುಬಿಟ್ಟಳು. ನಾನು ಧೊಪ್ಪನೆ ನೀರಿನಲ್ಲಿ ಕುಳಿತೆ. ಸಂಜೆ ಒಂದೇ ತಾಟಿನಲ್ಲಿ ಇಬ್ಬರೂ ರೊಟ್ಟಿ ತಿಂದೆವು.

ಮರುದಿನ ನನ್ನ ತಮ್ಮ ಶಿವಪ್ಪ ಮುಂಬಯಿಯಿಂದ ಬಂದ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಹಕ್ಕಿದೆ ಎನ್ನುತ್ತಾರೆ. ನಮ್ಮದು ಗಂಡಸಿಲ್ಲದ ಮನೆ. ಅವನಿಗೇ ಕೊಟ್ಟೆವು. ಎರಡು ವರ್ಷದ ಮೇಲೆ ಗೋರೆಗಾಂವ್‌ನ ಒಂದು ಚಾಳಿನಲ್ಲಿ ಅವನು ಅವಳನ್ನು ಕೊಂದ.

ಅವಳು ಇದ್ದಾಗ ಎರಡು ಸಲ ಬಾ ಎಂದು ಬರೆದಿದ್ದಳು. ನಾನು ಹೋಗಿರಲಿಲ್ಲ. ಕೋರ್ಟಿನ ಸಮನ್ಸು ಬಂದ ಮೇಲೆ, ಶ್ರಾವಣದಲ್ಲಿ, ಹೊರಟೆ.

ಇಂಡಿ ರೋಡ್ ಸ್ಟೇಷನ್ನಿಗೆ ನನ್ನ ಅವ್ವ ನಡೆದುಕೊಂಡು ಬಂದಿದ್ದಳು. ಕಿಟಕಿಯ ಸರಳು ಹಿಡಿದು, "ಮಗಳಂತೂ ಹೋದ್ಲು. ತಮ್ಮನ್ನರ ಉಳಿಸ್ಕೋ. ಆಕಿ ಬಾಯಿ ಜೋರಿತ್ತು ಅಂತ ಅನ್ನು, ಸಾಕು" ಎಂದಳು. ಗಾಡಿ ಬಿಟ್ಟಿತು.

ಸೊಲ್ಲಾಪುರದಲ್ಲಿ ಗಾಡಿ ಬದಲಿಸಬೇಕು. ಮೂರನೆಯ ದರ್ಜೆಯಲ್ಲಿ ಪುಣೆಯವರೆಗೂ ಜಾಗವಿರಲಿಲ್ಲ. ಟ್ರಂಕಿನ ಮೇಲೆ ಕುಳಿತೆ. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಸಾಕಾಯಿತು. ಬೆಳಿಗ್ಗೆ ಏಳಕ್ಕೆ ದಾದರ್ ಬಂದಾಗ ಜಿಟಿಜಿಟಿ ಮಳೆ. ನಮ್ಮ ಓಣಿಯ ಗಂಗಕ್ಕ, ಈಗ ಚೆಂಬೂರಿನಲ್ಲಿ ಸಂಸಾರ ಮಾಡುತ್ತಿರುವವಳು, ಕರೆದೊಯ್ಯಲು ಬಂದಿದ್ದಳು. ಅವಳ ಬಿಲ್ಡಿಂಗಿನಲ್ಲಿ ನಳದ ನೀರು ಬೆಳಿಗ್ಗೆ ಒಂದೇ ತಾಸು. ಕಿಟಕಿ ತೆರೆದರೆ ರಿಫೈನರಿಯ ವಾಸನೆ. ನಾನು ತಂದ ಇಂಡಿಯ ನಿಂಬೆಹಣ್ಣನ್ನು ಮೂಸಿ ಅವಳು, "ಊರ ಬಂದಂಗಾತು ನೋಡು" ಎಂದಳು.

ಎರಡನೆಯ ದಿನ ಗೋರೆಗಾಂವ್‌ಗೆ ಹೋದೆ. ಕುರ್ಲಾ, ದಾದರ್ ಎರಡೂ ಕಡೆ ಲೋಕಲ್ ಬದಲಿಸಬೇಕು. ನೀಲಾ ಇದ್ದ ಕೋಣೆಯಲ್ಲಿ ಈಗ ಬೇರೆಯವರಿದ್ದರು. ಬಾಗಿಲಿಗೆ ಹಸಿರು ಬಣ್ಣ ಹೊಡೆದಿದ್ದರು. ಪಕ್ಕದ ಕೋಣೆಯ ಶರಣವ್ವ ಕಲಬುರ್ಗಿ ಕಡೆಯವಳು, ಕಟ್ಟಡದ ಕೆಲಸಕ್ಕೆ ಹೋಗುವವಳು. ನನ್ನ ಮುಖ ನೋಡಿದವಳೇ, "ನೀಲಾನ ಅವ್ವೇನ್ರೀ? ಮೂಗು ನೋಡೇ ತಿಳೀತು" ಎಂದು ಒಳಗೆ ಕರೆದಳು.

ಚಹಾ ಕೊಟ್ಟು ತಾನೇ ಹೇಳಿದಳು. ನೀಲಾ ಆರು ತಿಂಗಳಿಗೇ ಒಬ್ಬಳೇ ಲೋಕಲ್ ಹತ್ತುವುದನ್ನು ಕಲಿತಿದ್ದಳಂತೆ. "ಗರ್ದಿ ಇದ್ರ ನಾ ಅಂಜ್ತಿದ್ದೆ. 'ಅಕ್ಕಾ, ನೀ ಹತ್ತಬ್ಯಾಡ, ಸುಮ್ನ ನಿಲ್ಲು, ಮಂದೀನ ನಿನ್ನ ಹತ್ತಸ್ತಾರ' ಅಂತಿದ್ಲು." ಇಬ್ಬರೂ ನಕ್ಕೆವು. ಆಮೇಲೆ ನಾನು ಕೇಳಿದೆ: "ಅವತ್ತು ಏನರ ಕೇಳಿಸ್ತೇನವ್ವಾ?"

"ಇಲ್ಲರೀ. ನೀರು ಬಿಟ್ಟಿದ್ರು. ಎಲ್ಲಾರೂ ನಳದ ಹತ್ರ ಇದ್ವಿ" ಎಂದಳು.

ಮೂರನೆಯ ದಿನ ಕೋರ್ಟಿರುವ ಫೋರ್ಟ್. ಉಡುಪಿ ಹೋಟೆಲಿನಲ್ಲಿ ಗಂಗಕ್ಕ ಇಡ್ಲಿ ತರಿಸಿದಳು. ಕೋರ್ಟಿನ ಹೊರಗೆ ಸರಕಾರಿ ವಕೀಲರು ಸಿಕ್ಕರು. ಬೆಳಗಾವಿಯಲ್ಲಿ ಓದಿದವರು.

"ಕೊಂದದ್ದನ್ನ ಶಿವಪ್ಪನ ಕಡಿಯವರೂ ಒಪ್ಪ್ಯಾರ, ಬಾಯಾರ. 'ನಿನ್ನ ಗಂಡ ಅಂತ ನಾ ಎಂದೂ ಒಪ್ಪಿಲ್ಲ, ಬಲವಂತಕ್ಕ ಬಂದೀನಿ' ಅಂತ ಆಕಿ ಅಂದ್ಲಂತ. ಆ ಮಾತು ಅವತ್ತ ಮೊದಲ್ನೇ ಸಲ ಕೇಳಿ ತಲಿ ಕೆಟ್ಟಿತಂತ. ಏಕಾಏಕಿ ಪ್ರಚೋದನೆ ಅಂತ ಕೋರ್ಟು ಒಪ್ಪಿದ್ರ ಅದು ಖೂನ್ ಅಲ್ಲ, ಕಡಿಮಿ ಗುನ್ಹೆ. ಕೆಲವು ವರ್ಷಕ್ಕ ಹೊರಗ ಬರ್ತಾನ. ಉಡಿ ತುಂಬಿದ ದಿನದ್ದು ನೀವು ಪೊಲೀಸರಿಗೆ ಹೇಳಿದ್ದನ್ನ ಒಳಗೂ ಹೇಳ್ತೀರಿಲ್ಲೋ?"

ಅವ್ವ ಸರಳು ಹಿಡಿದು ನಿಂತದ್ದು ಕಣ್ಣಿಗೆ ಬಂತು. "ಹೇಳ್ತೀನ್ರಿ" ಎಂದೆ.

ಒಳಗೆ ಶಿವಪ್ಪ ಕಟಕಟೆಯಲ್ಲಿದ್ದ. ಸೊರಗಿದ್ದ. "ಅಕ್ಕಾ" ಎಂದ. ಅವನನ್ನು ಎತ್ತಿ ಆಡಿಸಿದವಳು ನಾನು. ದುಭಾಷಿಯ ಕಡೆ ತಿರುಗಿ ಹೇಳಿದೆ: ಉಡಿ ತುಂಬುವುದೆಂದರೆ ಹೆಣ್ಣಿನ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕುವುದು. ಅವಳು ಅದನ್ನು ಕಟ್ಟಿಕೊಂಡರೆ ಸಂಬಂಧ ಒಪ್ಪಿದಂತೆ. ಆ ದಿನ ನೀಲಾ ಎದ್ದು ನಿಂತು ಎಲ್ಲವನ್ನೂ ನೆಲಕ್ಕೆ ಸುರಿದಳು. ಇವನ ಮುಖ ನೋಡಿ, "ನಿನ್ನ ಮಾವ ಅಂದೀನಿ. ಗಂಡ ಅನ್ನಂಗಿಲ್ಲ" ಎಂದಳು. ಇವನು ಕೊಬ್ಬರಿ ಎತ್ತಿಕೊಂಡು ನಕ್ಕ. "ಈಗ ಚೆಲ್ಲತಾಳ. ಮುಂಬೈಗೆ ಬಂದ ಮ್ಯಾಲ ತಾನ ಆರಸ್ತಾಳ" ಎಂದ.

ಶಿವಪ್ಪನ ವಕೀಲರು ಎದ್ದರು. ಉಟ್ಟ ಸೀರೆ ಹೊಸದು, ಸೆರಗು ಜಾರಿರಬಹುದಲ್ಲ ಎಂದರು.

"ಜಾರಲಿಲ್ರಿ."

"ಮತ್ತೆ ಅದನ್ನು ಆರಿಸಿ ಅವಳ ಸೆರಗಿಗೆ ಕಟ್ಟಿದವರು ಯಾರು?"

ಇದನ್ನು ನಾನು ಪೊಲೀಸರಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. "ನಾನು" ಎಂದೆ.

"ಅಂದರೆ ಅವಳು ಕಡೆಗೆ ಒಪ್ಪಿದಳೆಂದು ನಿಮಗೂ ಅನ್ನಿಸಿತ್ತು."

"ಇಲ್ರಿ. ಒಲ್ಲೆ ಅಂತಾಳ ಅನ್ನೋದು ಗೊತ್ತಿದ್ದೂ ಕಟ್ಟಿದೆ. ಬಿಚ್ಚಬಾರದು ಅಂತ ಎರಡು ಗಂಟು ಹಾಕಿದೆ. ಇವನೂ ನೋಡ್ಕೋತ ಕುಂತಿದ್ದ."

ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಶಿವಪ್ಪ ತಲೆ ತಗ್ಗಿಸಿದ. ನನಗೆ ಸಾಕ್ಷಿಯ ಕಟಕಟೆಯಿಂದ ಇಳಿಯಲು ಹೇಳಿದರು.

ಮರುದಿನ ವಿ.ಟಿ. ಸ್ಟೇಷನ್ನಿನಲ್ಲಿ ಊರಿನ ಗಾಡಿ ಹತ್ತಿದೆ. ದಾದರಿನಲ್ಲಿ ಪಕ್ಕದ ಹಳಿಗೆ ಲೋಕಲ್ ಬಂದು ನಿಂತಿತು. ಹೆಂಗಸರ ಡಬ್ಬಿಯಲ್ಲಿ ಎಣ್ಣೆ ಹಚ್ಚಿ ಹೆರಳು ಹಾಕಿದ ಹುಡುಗಿಯರು ಒತ್ತಿಕೊಂಡು ನಿಂತಿದ್ದರು. ಅದು ಹೊರಡುವವರೆಗೂ ಒಂದೊಂದೇ ಮುಖ ನೋಡಿದೆ.

ದಸರೆಯ ಹೊತ್ತಿಗೆ ಗಂಗಕ್ಕನ ಪತ್ರ ಬಂತು. ಏಕಾಏಕಿ ಎನ್ನುವುದನ್ನು ನ್ಯಾಯಾಧೀಶರು ಒಪ್ಪಲಿಲ್ಲ, ಶಿವಪ್ಪನಿಗೆ ಜನ್ಮಠೇಪೆ, ಜೀವಾವಧಿ ಶಿಕ್ಷೆ, ಆಯಿತು ಎಂದು ಬರೆದಿದ್ದಳು. ಅವ್ವ ನನ್ನ ಮನೆಗೆ ಬರುವುದನ್ನು ಬಿಟ್ಟಿದ್ದಾಳೆ.

ಆ ದಿನ ಆ ಕೋಣೆಯಲ್ಲಿ ನೀಲಾ ಏನೆಂದಳು ಎಂಬುದಕ್ಕೆ ಶಿವಪ್ಪನ ಮಾತೊಂದೇ ಇದೆ. ಕೋರ್ಟಿನ ಕಾಗದದಲ್ಲಿಯೂ ಅದೇ ಇದೆ. ಅವಳು ನಿಜವಾಗಿ ಏನು ಹೇಳಿದಳೋ, ಏನಾದರೂ ಹೇಳಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.