ಯಾರ ಪಾಲಿಗೂ ಬಾರದ ಅತ್ತೆ

ಮೊನ್ನೆ ಸೊಸೆ ಹಾಸನದ ಸಂತೆಯಿಂದ ಹಲಸಿನ ಹಣ್ಣು ತಂದು ಅಡುಗೆಮನೆಯ ಮೂಲೆಯಲ್ಲಿಟ್ಟಿದ್ದಳು. ಮಾರನೆಯ ಬೆಳಗ್ಗೆ ಮನೆಯೆಲ್ಲ ಅದರದೇ ವಾಸನೆ. ಹಾಸಿಗೆಯಿಂದ ಏಳುವ ಮೊದಲೇ ನನಗೆ ಅತ್ತೆಯ ಕೈ ನೆನಪಾಯಿತು... ಎಣ್ಣೆ ಸವರಿದ, ಬಳೆಯಿಲ್ಲದ ಕೈ.

ಅವಳು ನಮ್ಮಪ್ಪನ ಅಕ್ಕ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು, ಅರಕಲಗೂಡಿನ ಹತ್ತಿರದ ನಮ್ಮ ಹಳ್ಳಿಗೆ ವಾಪಸು ಬಂದವಳು. ಅಪ್ಪ, ಚಿಕ್ಕಪ್ಪ ಆಗ ಒಂದೇ ಮನೆಯಲ್ಲಿದ್ದರು. ಕೆರೆ ಕೆಳಗಿನ ಗದ್ದೆ ಕೊಳ್ಳುವಾಗ ಅತ್ತೆ ತನ್ನ ಒಡವೆಯನ್ನೆಲ್ಲ ಬಿಚ್ಚಿಕೊಟ್ಟಿದ್ದಳಂತೆ. ಚಿಕ್ಕಮ್ಮ ಬಾಣಂತಿಯಾಗಿ ಜ್ವರ ಹಿಡಿದು ಮಲಗಿದಾಗ ಅವಳ ಮಗುವನ್ನು ಸಾಕಿದವಳೂ ಅತ್ತೆಯೇ.

ಹಿತ್ತಲ ಮರದ ಹಲಸಿನ ಹಣ್ಣು ಕೊಯ್ದರೆ ಮಕ್ಕಳೆಲ್ಲ ಅವಳ ಸುತ್ತ ಕೂರುತ್ತಿದ್ದೆವು. ಮೊದಲ ತೊಳೆ ಎಲ್ಲರಿಗಿಂತ ಚಿಕ್ಕವರಿಗೆ. ಕೊನೆಯದು ಹಂಚುವವಳಿಗೆ, ಉಳಿದರೆ. ಯಾರಾದರೂ ನನ್ನದೆಂದು ಕೈ ಚಾಚಿದರೆ, “ನಂದು ಅನ್ಬ್ಯಾಡ ಕಣ್ಲಾ, ನಮ್ದು ಅನ್ನು” ಎನ್ನುತ್ತಿದ್ದಳು. ಅವಳು ಹಂಚಿದ್ದೇ ನ್ಯಾಯ ಎಂದುಕೊಂಡಿದ್ದೆವು.

ಆಗ ಯುದ್ಧ ನಡೆದಿತ್ತು, ಸೀಮೆಎಣ್ಣೆಗೂ ಪರದಾಟ. ಅದೇ ಕಾಲದಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ಕೆಟ್ಟು ಮನೆ ಪಾಲಾಯಿತು. ಊರ ಗೌಡರು ಜಗಲಿಯಲ್ಲಿ ಕೂತು ಗದ್ದೆ, ದನ, ಹಂಡೆ ಎಲ್ಲವನ್ನೂ ಎರಡು ಮಾಡಿದರು. ಬಾಗಿಲ ಹಿಂದೆ ನಿಂತಿದ್ದ ಅತ್ತೆ, “ಇತ್ಲಲ್ಲಿರೋ ಅಲಸಿನ್ ಮರ ನಂಗಿರ್ಲಿ. ಎಲ್ಡ್ ಮನೆ ಮಕ್ಳಿಗೂ ಕೊಯ್ದು ಕೊಡ್ತೀನಿ” ಎಂದಳು.

ಗೌಡರು ನಕ್ಕರು. “ಎಣ್ಮಕ್ಳಿಗೆ ಎಲ್ಲೀ ಪಾಲವ್ವಾ? ಇಬ್ರೂ ಅನ್ನ ಆಕ್ತಾರೆ, ಇನ್ನೇನ್ ಬೇಕು?”

ಮರ ಚಿಕ್ಕಪ್ಪನಿಗೆ ಹೋಯಿತು. ಅತ್ತೆ ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ ಎಂದಾಯಿತು. ಗದ್ದೆಗೆ ಹೋದ ಒಡವೆಯ ಮಾತನ್ನು ಯಾರೂ ಎತ್ತಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದಾಗ ಅವಳು ಹಣ್ಣು ಕೊಯ್ದು ನಮ್ಮನ್ನೂ ಕೂಗಿದಳು. ತೊಳೆ ನನ್ನ ಕೈಗೆ ಬರುವಷ್ಟರಲ್ಲಿ, ಅವಳೇ ಸಾಕಿದ್ದ ಆ ಹುಡುಗ ಕಿತ್ತುಕೊಂಡ. “ಇದು ನಮ್ ಮರದ್ದು. ಅವ್ರಿಗೆ ಯಾಕ್ ಕೊಡ್ತೀಯ? ನಿಂದಾ?”

ಮಗನನ್ನು ಗದರಿಸುತ್ತಾನೆಂದು ಅತ್ತೆ ಜಗಲಿಯಲ್ಲಿದ್ದ ಚಿಕ್ಕಪ್ಪನ ಕಡೆ ನೋಡಿದಳು. ಚಿಕ್ಕಪ್ಪ ನಕ್ಕ. “ನೋಡ್ದಾ, ಈಗ್ಲೇ ಎಷ್ಟು ಚುರ್ಕಾಗವ್ನೆ!” ಹುಡುಗನ ಮುಖ ಅರಳಿತು. ಅತ್ತೆ ಕೈಯೊರೆಸಿಕೊಂಡು ಎದ್ದುಹೋದಳು. ಆಮೇಲೆ ಅವಳು ಯಾವತ್ತೂ ಹಂಚಲು ಕೂರಲಿಲ್ಲ... ಆ ಮನೆಯ ಮಕ್ಕಳಿಗೆ ಏನನ್ನೂ ಕೊಡಬಾರದೆಂದು ನಾವೂ ಬೇಗ ಕಲಿತೆವು. ಕೊಡದೆ ಬಂದರೆ ಅಮ್ಮ ಬೆನ್ನು ತಟ್ಟುತ್ತಿದ್ದಳು.

ಕೆಲವು ವರ್ಷದ ಮೇಲೆ ಅತ್ತೆ ಕಾಯಿಲೆ ಬಿದ್ದದ್ದು ನಮ್ಮ ಮನೆಯಲ್ಲಿ. “ನಮ್ ತಿಂಗ್ಳು ಮುಗೀತು, ಕರ್ಕೊಂಡ್ ಓಗು” ಎಂದ ಅಪ್ಪ. “ಕಾಯ್ಲೆ ಬಂದಿದ್ದು ನಿಮ್ಮನೇಲಿ. ವಾಸಿ ಮಾಡಿ ಕಳ್ಸಣ್ಣ” ಎಂದ ಚಿಕ್ಕಪ್ಪ. ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿದ್ದ ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು.

“ಜಗ್ಳ ಆಡ್ಬ್ಯಾಡ್ರಪ್ಪ. ನಾನೇ ಓಯ್ತೀನಿ.”

ಮಾರನೆಯ ದಿನ ಅದೇ ಚಾಪೆಯ ಮೇಲೆ ತೀರಿಕೊಂಡಳು.

ಪಿತೃಪಕ್ಷದಲ್ಲಿ ನಮ್ಮ ಕಡೆ ಸತ್ತವರಿಗೆಲ್ಲ ಎಡೆಯಿಡುತ್ತಾರೆ. ಅತ್ತೆಗೆ ಅವರಿಡಲಿ ಎಂದು ಇವರು, ಇವರಿಡಲಿ ಎಂದು ಅವರು ಸುಮ್ಮನಾದರು. ನಾನು ಮದುವೆಯಾಗಿ ಹೊರಗೆ ಬಂದವಳು. ತವರಿನವರಿಗೆ ಎಡೆಯಿಡುವ ಹಕ್ಕು ನನಗಿಲ್ಲ. ಈಗ ಅಪ್ಪನಿಲ್ಲ, ಚಿಕ್ಕಪ್ಪನಿಲ್ಲ, ಆ ಹುಡುಗನೂ, ಜೊತೆಗೆ ಕೂತು ತಿಂದವರೂ ಹೋದರು... ಅವಳ ಹೆಸರು ಗೊತ್ತಿರುವವಳು ನಾನೊಬ್ಬಳೇ ಉಳಿದಿದ್ದೇನೆ. ನನ್ನ ನಂತರ ಅದೂ ಇರುವುದಿಲ್ಲ.